ಐದು ಕಿಲೋಮೀಟರ್ ಓಟ: ನಿಮ್ಮದೇ ದಾಖಲೆ ಮುರಿಯಲು ವೇಗವನ್ನು ಹಂಚಿಕೊಳ್ಳುವುದು ಹೇಗೆ?

ಮಳೆಗಾಲ ಮುಗಿದು ನವೆಂಬರ್ ಕಾಲಿಟ್ಟಿತೆಂದರೆ ಚಿಕ್ಕಮಗಳೂರಿನ ಜಿಲ್ಲಾ ಕ್ರೀಡಾಂಗಣದಲ್ಲಿ ಬೆಳಗಿನ ಓಟಗಾರರ ಸಂಖ್ಯೆ ಏರತೊಡಗುತ್ತದೆ. ಕಾಲೇಜು ಹುಡುಗ ಹುಡುಗಿಯರು, ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೆ ತಯಾರಾಗುತ್ತಿರುವವರು, ನಲವತ್ತು ದಾಟಿದ ಮೇಲೆ ಓಟ ಹಿಡಿದವರು ಎಲ್ಲರೂ ಅಲ್ಲಿರುತ್ತಾರೆ. ಅವರಲ್ಲಿ ಹಲವರ ಕೊರಗು ಒಂದೇ: ಅಭ್ಯಾಸ ಹೆಚ್ಚಾಗಿದೆ, ಮೈ ಹಗುರವಾಗಿದೆ, ಆದರೂ ಐದು ಕಿಲೋಮೀಟರ್ ಟೈಮಿಂಗ್ ಮಾತ್ರ ಹಳೆಯದೇ. ಇಂಥವರ ಓಟವನ್ನು ಕಿಲೋಮೀಟರ್ ಲೆಕ್ಕದಲ್ಲಿ ಬಿಡಿಸಿ ನೋಡಿದರೆ ಕಾರಣ ಬಹುತೇಕ ಒಂದೇ ಕಡೆ ಸಿಗುತ್ತದೆ. ಮೊದಲ ಕಿಲೋಮೀಟರನ್ನು ಅತಿ ವೇಗವಾಗಿ ಓಡಿರುತ್ತಾರೆ, ನಾಲ್ಕನೆಯದರಲ್ಲಿ ಅದನ್ನು ಬಡ್ಡಿ ಸಮೇತ ತೆತ್ತಿರುತ್ತಾರೆ.

ಗುರಿಯ ಸಮಯ ಗೊತ್ತುಮಾಡಿ

ಆಸೆಯ ಮೇಲೆ ಗುರಿ ಇಡಬೇಡಿ, ಇತ್ತೀಚಿನ ಅಭ್ಯಾಸದ ಮೇಲೆ ಇಡಿ. ನಿಮ್ಮ ಶ್ರೇಷ್ಠ ಸಮಯ 27 ನಿಮಿಷ 30 ಸೆಕೆಂಡ್ ಎಂದುಕೊಳ್ಳೋಣ. ಅಂದರೆ ಕಿಲೋಮೀಟರಿಗೆ 5 ನಿಮಿಷ 30 ಸೆಕೆಂಡ್. ಈ ಬಾರಿ 27 ನಿಮಿಷಕ್ಕೆ ಮುಗಿಸಬೇಕೆಂದರೆ ಕಿಲೋಮೀಟರಿಗೆ 5:24 ಸಾಕು. ಇಳಿಸಬೇಕಾದದ್ದು ಕಿಲೋಮೀಟರಿಗೆ ಆರೇ ಸೆಕೆಂಡ್. ಒಂದೇ ಓಟದಲ್ಲಿ ಒಂದೂವರೆ, ಎರಡು ನಿಮಿಷ ಇಳಿಸುತ್ತೇನೆಂದು ಹೊರಡುವವರು ಹಳೆಯ ಸಮಯವನ್ನೂ ಮುಟ್ಟದೆ ಬರುವುದೇ ಹೆಚ್ಚು.

ಈ ಗುರಿ ನಿಮ್ಮ ಕಾಲಿಗೆ ನಿಲುಕುವುದೇ ಎಂಬುದನ್ನು ಓಟಕ್ಕೆ ಒಂದು ವಾರ ಅಥವಾ ಹತ್ತು ದಿನ ಮೊದಲೇ ಪರೀಕ್ಷಿಸಿಕೊಳ್ಳಬಹುದು. ಟ್ರ್ಯಾಕ್‌ನಲ್ಲಿ 1,000 ಮೀಟರಿನಂತೆ ಐದು ಸಲ ಗುರಿಯ ವೇಗದಲ್ಲಿ ಓಡಿ, ಪ್ರತಿ ಓಟದ ನಡುವೆ ಎರಡು ನಿಮಿಷ ನಿಧಾನವಾಗಿ ನಡೆಯಿರಿ ಅಥವಾ ಜಾಗ್ ಮಾಡಿ. ಐದನೆಯದನ್ನೂ ಮೊದಲಿನಷ್ಟೇ ಹಿಡಿತದಲ್ಲಿ ಮುಗಿಸಿದರೆ ಗುರಿ ಸರಿಯಿದೆ. ಮೂರನೆಯದಕ್ಕೇ ಏದುಸಿರು ಬಿಟ್ಟು ಸಮಯ ಜಾರತೊಡಗಿದರೆ ಗುರಿಯ ಒಟ್ಟು ಸಮಯವನ್ನು ಹತ್ತು ಹದಿನೈದು ಸೆಕೆಂಡ್ ಸಡಿಲಿಸಿ. ಆಮೇಲೆ ಓಟದ ದಿನದವರೆಗೆ ಭಾರಿ ಅಭ್ಯಾಸ ಬೇಡ.

ವೇಗವನ್ನು ಮೈಗೆ ಕಲಿಸಿ

ಟ್ರ್ಯಾಕ್‌ನ ಒಂದು ಸುತ್ತು 400 ಮೀಟರ್, ಐದು ಕಿಲೋಮೀಟರಿಗೆ ಹನ್ನೆರಡೂವರೆ ಸುತ್ತು. 27 ನಿಮಿಷದ ಗುರಿಗೆ ಪ್ರತಿ ಸುತ್ತಿಗೆ 2 ನಿಮಿಷ 10 ಸೆಕೆಂಡಿಗಿಂತ ಕೂದಲೆಳೆಯಷ್ಟು ಕಡಿಮೆ ಬರಬೇಕು. ವಾರಕ್ಕೊಮ್ಮೆ ಏಳೆಂಟು ಸುತ್ತುಗಳನ್ನು ನಡುನಡುವೆ ವಿಶ್ರಾಂತಿಯೊಂದಿಗೆ ಇದೇ ವೇಗದಲ್ಲಿ ಓಡಿ, ಆದರೆ ಓಡುವಾಗ ಗಡಿಯಾರ ನೋಡಬೇಡಿ. ಗೆರೆ ದಾಟಿ ಸ್ಟಾಪ್‌ವಾಚ್ ಒತ್ತಿದ ಮೇಲೂ ತಕ್ಷಣ ಕಣ್ಣಾಡಿಸದೆ, ಎಷ್ಟಾಗಿರಬಹುದೆಂದು ಮೊದಲು ಬಾಯಿಬಿಟ್ಟು ಹೇಳಿ, ಅನಂತರ ನೋಡಿ. ಆರಂಭದಲ್ಲಿ ಅಂದಾಜು ಆರೇಳು ಸೆಕೆಂಡ್ ತಪ್ಪುತ್ತದೆ, ಕೆಲವು ವಾರಗಳಲ್ಲಿ ಎರಡು ಸೆಕೆಂಡಿನೊಳಗೆ ಬರುತ್ತದೆ. ಇಡೀ ತಯಾರಿಯಲ್ಲಿ ನಾನು ಅತ್ಯಂತ ಹೆಚ್ಚು ಬೆಲೆ ಕೊಡುವುದು ಈ ಒಂದು ಅಭ್ಯಾಸಕ್ಕೆ. ಉಸಿರಿನ ಲಯ, ಪಾದ ನೆಲಕ್ಕೆ ಬೀಳುವ ಸದ್ದು, ತೋಳಿನ ಬೀಸು ಇವೇ ಓಟದ ದಿನ ನಿಮಗೆ ಗಡಿಯಾರ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು 2018ರ ಜಕಾರ್ತಾ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ದೃಷ್ಟಿದೋಷವುಳ್ಳವರ 1,500 ಮೀಟರ್ ಓಟದ ಚಿನ್ನ ಗೆದ್ದವರು. ಕಣ್ಣಿನ ನೆರವಿಲ್ಲದೆ, ಜೊತೆ ಓಡುವ ಮಾರ್ಗದರ್ಶಕರ ಹೆಜ್ಜೆಗೆ ಹೆಜ್ಜೆ ಹೊಂದಿಸಿಕೊಂಡು ಓಡುವ ಅಂಥವರನ್ನು ಗಮನಿಸಿದರೆ ವೇಗವನ್ನು ಮೈಯೇ ಹೇಗೆ ಹಿಡಿಯುತ್ತದೆಂದು ತಿಳಿಯುತ್ತದೆ.

ಓಡುವ ದಾರಿಯನ್ನು ಮೊದಲೇ ನೋಡಿ

ನಮ್ಮೂರಿನಲ್ಲಿ ಸಮತಟ್ಟಾದ ಐದು ಕಿಲೋಮೀಟರ್ ರಸ್ತೆ ಸಿಗುವುದು ಕಷ್ಟ. ಕೈಮರದ ಕಡೆಗೆ ಏರು, ರತ್ನಗಿರಿ ಬೋರೆಯ ಬದಿಯಲ್ಲಿ ಏರು, ಪೇಟೆಯೊಳಗೂ ಅಲ್ಲಲ್ಲಿ ದಿಣ್ಣೆ. ಏರಿನಲ್ಲಿ ಕಳೆದುಕೊಂಡ ಸಮಯ ಅಷ್ಟೇ ಇಳಿಜಾರಿನಲ್ಲಿ ಪೂರ್ತಿ ವಾಪಸ್ ಬರುವುದಿಲ್ಲ. ಆದ್ದರಿಂದ ದಾಖಲೆಗೆಂದೇ ಓಡುವುದಾದರೆ ಟ್ರ್ಯಾಕ್ ಅಥವಾ ಸಮತಟ್ಟಾದ ಮಾರ್ಗವನ್ನೇ ಆರಿಸಿಕೊಳ್ಳಿ. ಏರು ಇರುವ ಮಾರ್ಗದಲ್ಲೇ ಓಡಬೇಕಾಗಿ ಬಂದರೆ ಏರಿನಲ್ಲಿ ಗಡಿಯಾರದ ಅಂಕಿಗೆ ಅಂಟಿಕೊಳ್ಳಬೇಡಿ. ಶ್ರಮವನ್ನು ಸಮವಾಗಿಟ್ಟು, ಹೆಜ್ಜೆ ಚಿಕ್ಕದು ಮಾಡಿ, ವೇಗ ಕಿಲೋಮೀಟರಿಗೆ ಹತ್ತು ಸೆಕೆಂಡ್ ಇಳಿದರೂ ಇಳಿಯಲಿ ಎಂದು ಬಿಟ್ಟು, ಇಳಿಜಾರಿನಲ್ಲಿ ಬ್ರೇಕ್ ಹಾಕದೆ ಮೈಯನ್ನು ತುಸು ಮುಂದಕ್ಕೆ ವಾಲಿಸಿ ಓಡಿ.

ಜಿಪಿಎಸ್ ವಾಚ್ ಕಟ್ಟುವವರಿಗೆ ಒಂದು ಎಚ್ಚರಿಕೆ. ತಿರುವುಗಳನ್ನು ಹೊರಬದಿಯಿಂದ ಸುತ್ತುವುದರಿಂದಲೂ, ಮರಗಳ ಕೆಳಗೆ ಸಂಕೇತ ಅತ್ತಿತ್ತ ಆಗುವುದರಿಂದಲೂ ಮುಕ್ತಾಯದ ಗೆರೆ ತಲುಪುವ ಹೊತ್ತಿಗೆ ವಾಚ್ ಸಾಮಾನ್ಯವಾಗಿ 5.05 ಕಿಲೋಮೀಟರಿನಷ್ಟು ತೋರಿಸುತ್ತದೆ. ಆ ಲೆಕ್ಕಕ್ಕೆ 27 ನಿಮಿಷ ಸಾಧಿಸಲು ವಾಚ್‌ನಲ್ಲಿ ಕಾಣಬೇಕಾದ ಸರಾಸರಿ 5:24 ಅಲ್ಲ, 5:21. ಈ ಮೂರು ಸೆಕೆಂಡಿನ ಅರಿವಿಲ್ಲದೆ ದಾಖಲೆ ಕೈತಪ್ಪಿದವರು ಬೇಕಾದಷ್ಟಿದ್ದಾರೆ.

ಓಟದ ಬೆಳಿಗ್ಗೆ

ಎರಡು ಎರಡೂವರೆ ಗಂಟೆ ಮೊದಲು ಎರಡು ಇಡ್ಲಿ ಅಥವಾ ಒಂದು ಬಾಳೆಹಣ್ಣು ಸಾಕು. ಕಾಫಿ ಅಭ್ಯಾಸವಿದ್ದವರು ಮುಕ್ಕಾಲು ಗಂಟೆ ಮೊದಲು ಕುಡಿಯಬಹುದು, ಅದರಲ್ಲಿನ ಕೆಫೀನ್ ಓಟಕ್ಕೆ ಸಹಾಯವನ್ನೇ ಮಾಡುತ್ತದೆ. ಹೊಸ ಶೂ, ಹೊಸ ತಿಂಡಿ ಆ ದಿನ ಬೇಡ. ಡಿಸೆಂಬರಿನ ಚಳಿಯಲ್ಲಿ ಸ್ನಾಯುಗಳು ಬಿಗಿದಿರುವುದರಿಂದ ಹತ್ತು ಹದಿನೈದು ನಿಮಿಷ ಜಾಗ್ ಮಾಡಿ, 80 ಮೀಟರಿನ ನಾಲ್ಕು ಚುರುಕಾದ ಓಟಗಳನ್ನು ಓಡಿ, ಆರಂಭಕ್ಕೆ ಐದು ನಿಮಿಷ ಇರುವವರೆಗೂ ಸ್ವೆಟರ್ ತೆಗೆಯಬೇಡಿ. ರಕ್ತದೊತ್ತಡ, ಮಧುಮೇಹ, ಹೃದಯದ ತೊಂದರೆ ಇರುವವರು ಇಂಥ ಓಟಕ್ಕೆ ಮೊದಲು ವೈದ್ಯರನ್ನು ಕಾಣಲೇಬೇಕು.

ಎಡ ಮುಂಗೈಯ ಒಳಬದಿಯಲ್ಲಿ ಮಾರ್ಕರ್ ಪೆನ್ನಿನಿಂದ ಐದು ಅಂಕಿ ಬರೆದುಕೊಳ್ಳಿ: 5:26, 10:50, 16:15, 21:40, 27:00. ಪ್ರತಿ ಕಿಲೋಮೀಟರ್ ಮುಗಿದಾಗ ಆಗಿರಬೇಕಾದ ಒಟ್ಟು ಸಮಯ ಇದು. ಅಂಗೈಯಲ್ಲಿ ಬರೆದರೆ ಬೆವರಿಗೆ ಅಳಿಸಿಹೋಗುತ್ತದೆ, ಸಣ್ಣದಾಗಿ ಬರೆದರೆ ಓಡುವಾಗ ಕಾಣುವುದಿಲ್ಲ.

ಮೊದಲ ಕಿಲೋಮೀಟರ್

ಗುಂಡು ಹಾರಿದ ಕೂಡಲೇ ಎಲ್ಲರೂ ನುಗ್ಗುತ್ತಾರೆ, ನಿಮ್ಮ ಕಾಲೂ ನುಗ್ಗುತ್ತದೆ. ಆ ಹೊತ್ತಿಗೆ ಏನೂ ಆಯಾಸವಾಗದಿರುವುದಕ್ಕೆ ಕಾರಣವಿದೆ. ಉಸಿರು ಮತ್ತು ರಕ್ತಸಂಚಾರ ಈ ವೇಗಕ್ಕೆ ಬೇಕಾದಷ್ಟು ಆಮ್ಲಜನಕವನ್ನು ಒದಗಿಸುವ ಹಂತಕ್ಕೆ ಏರಲು ಒಂದೆರಡು ನಿಮಿಷ ಹಿಡಿಯುತ್ತದೆ. ಅಲ್ಲಿಯವರೆಗೆ ಸ್ನಾಯುಗಳು ತಮ್ಮೊಳಗಿನ ಸಂಗ್ರಹದಿಂದ, ಆಮ್ಲಜನಕದ ನೆರವಿಲ್ಲದೆ ಶಕ್ತಿ ತೆಗೆದು ಕೊರತೆ ತುಂಬುತ್ತವೆ. ವೇಗ ಅತಿಯಾದಷ್ಟೂ ಆ ಸಂಗ್ರಹ ಬೇಗ ಕರಗುತ್ತದೆ, ಸ್ನಾಯುಗಳಲ್ಲಿ ಆಮ್ಲೀಯತೆ ಏರುತ್ತದೆ, ಅದರ ಪರಿಣಾಮ ಮಾತ್ರ ತಡವಾಗಿ ಗೊತ್ತಾಗುತ್ತದೆ. ಹಾಗಾಗಿ ಮೊದಲ 400 ಮೀಟರ್ ನಿಮಗೆ ತೀರಾ ಸುಲಭ ಎನಿಸಬೇಕು, ಹತ್ತಾರು ಜನ ಮುಂದೆ ಹೋಗಲಿ. ಮೊದಲ ಕಿಲೋಮೀಟರಿಗೆ 5:26 ಇಟ್ಟಿರುವುದು, ಸರಾಸರಿಗಿಂತ ಎರಡು ಸೆಕೆಂಡ್ ನಿಧಾನವಾಗಿ, ಇದೇ ಕಾರಣಕ್ಕೆ. ಆರಂಭದಲ್ಲೇ ವೇಗ ಹೆಚ್ಚಾಗಿಬಿಟ್ಟಿತೆಂದು ಗೊತ್ತಾದರೆ ಗಾಬರಿಯಿಂದ ತೀರಾ ನಿಧಾನಕ್ಕಿಳಿಯದೆ ಗುರಿಯ ವೇಗಕ್ಕೆ ಮರಳಿ.

ಸಮವೇಗದ ಓಟಕ್ಕೆ ಉದಾಹರಣೆ ಬೇಕಾದರೆ ಉಗಾಂಡಾದ ಜೋಶುವಾ ಚೆಪ್ಟೆಗೈ 2020ರ ಆಗಸ್ಟ್‌ನಲ್ಲಿ ಮೊನಾಕೊದಲ್ಲಿ 5,000 ಮೀಟರನ್ನು 12 ನಿಮಿಷ 35.36 ಸೆಕೆಂಡಿಗೆ ಮುಗಿಸಿ ವಿಶ್ವದಾಖಲೆ ಬರೆದ ಓಟವನ್ನು ನೋಡಿ. ಅವರ ಐದೂ ಕಿಲೋಮೀಟರುಗಳು 2 ನಿಮಿಷ 30 ಸೆಕೆಂಡಿನಿಂದ 2 ನಿಮಿಷ 32 ಸೆಕೆಂಡಿನ ನಡುವೆಯೇ ಇದ್ದವು.

ಎರಡರಿಂದ ನಾಲ್ಕು

ಎರಡನೆಯ ಕಿಲೋಮೀಟರಿನಲ್ಲಿ ಲಯ ಹಿಡಿಯುವುದಷ್ಟೇ ಕೆಲಸ. ನಿಮ್ಮ ವೇಗದವರೇ ಒಬ್ಬರು ಸಿಕ್ಕರೆ ಅವರ ಬೆನ್ನ ಹಿಂದೆ ಒಂದು ಮಾರು ಅಂತರದಲ್ಲಿ ಓಡಿ, ಗಾಳಿಯ ತಡೆ ತಗ್ಗುತ್ತದೆ. ಟ್ರ್ಯಾಕ್‌ನಲ್ಲಾದರೆ ತಿರುವಿನಲ್ಲಿ ಯಾರನ್ನೂ ಹಿಂದಿಕ್ಕಲು ಹೋಗಬೇಡಿ: ಎರಡನೆಯ ಲೇನ್‌ನ ಒಂದು ಸುತ್ತು ಒಳಲೇನಿಗಿಂತ ಸುಮಾರು ಏಳು ಮೀಟರ್ ಉದ್ದ.

ಮೂರನೆಯದರ ಕೊನೆಯಿಂದ ನಾಲ್ಕನೆಯದರ ಕೊನೆಯವರೆಗಿನ ಭಾಗದಲ್ಲಿ ದಾಖಲೆಯ ನಿರ್ಧಾರವಾಗುತ್ತದೆ. ಇಲ್ಲಿ ವೇಗ ನಿಮಗೆ ಅರಿವಿಲ್ಲದಂತೆ ಜಾರುತ್ತದೆ. ಮುಂಚಿನಷ್ಟೇ ಶ್ರಮ ಹಾಕಿದರೆ ಮುಂಚಿನ ವೇಗ ಉಳಿಯುವುದಿಲ್ಲ. ಅದೇ 5:25 ಉಳಿಸಿಕೊಳ್ಳಲು ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಹೆಚ್ಚು ಶ್ರಮ ಬೇಕು. ಭುಜ ಕಿವಿಯತ್ತ ಏರುತ್ತದೆ, ಮುಷ್ಟಿ ಬಿಗಿಯುತ್ತದೆ, ಗದ್ದ ಮೇಲೇಳುತ್ತದೆ. ಒಮ್ಮೆ ಎರಡೂ ಕೈಗಳನ್ನು ಕೆಳಕ್ಕಿಳಿಸಿ ಬೆರಳು ಸಡಿಲಿಸಿ, ಉಸಿರನ್ನು ಪೂರ್ತಿ ಹೊರಹಾಕಿ, ಹೆಜ್ಜೆ ಉದ್ದ ಮಾಡುವ ಬದಲು ಹೆಜ್ಜೆಯ ಬಡಿತವನ್ನು ಚುರುಕುಗೊಳಿಸಿ. ಉಳಿದ ದೂರದ ಯೋಚನೆ ಬಿಟ್ಟು ಮುಂದಿನ ತಿರುವಿನವರೆಗೆ ಮಾತ್ರ ಲೆಕ್ಕ ಇಟ್ಟುಕೊಳ್ಳಿ. ಮೂರನೆಯ ಕಿಲೋಮೀಟರಿನಲ್ಲಿ ಐದು ಸೆಕೆಂಡ್ ಹಿಂದೆ ಬಿದ್ದಿದ್ದರೆ ಅದನ್ನು ಒಂದೇ ಸುತ್ತಿನಲ್ಲಿ ತುಂಬಿಕೊಳ್ಳಲು ಹೋಗದೆ ಉಳಿದ ಎರಡು ಕಿಲೋಮೀಟರಿಗೆ ಹಂಚಿ. ಎದೆನೋವು ಅಥವಾ ತಲೆಸುತ್ತು ಬಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ.

ಕೊನೆಯ ಕಿಲೋಮೀಟರ್

ನಾಲ್ಕು ಮುಗಿದಾಗ 21:40 ಕಂಡರೆ ಉಳಿದದ್ದು 5:20. ಒಮ್ಮೆಲೇ ಜಿಗಿಯದೆ 800 ಮೀಟರ್ ಇರುವಾಗ ಒಂದು ಹಂತ, 300 ಮೀಟರ್ ಇರುವಾಗ ಇನ್ನೊಂದು ಹಂತ ವೇಗ ಏರಿಸಿ. ತೋಳಿನ ಬೀಸು ಜೋರಾದರೆ ಕಾಲು ತಾನಾಗಿ ಹಿಂಬಾಲಿಸುತ್ತದೆ. ಗೆರೆ ದಾಟುವವರೆಗೆ ವಾಚ್ ಗುಂಡಿಯತ್ತ ಕೈ ಹೋಗಬಾರದು.

ಅಂದೇ ಸಂಜೆ ಐದೂ ಕಿಲೋಮೀಟರಿನ ಸಮಯವನ್ನು ಡೈರಿಯಲ್ಲಿ ಬರೆದು, ಅತಿ ವೇಗದ ಮತ್ತು ಅತಿ ನಿಧಾನದ ಕಿಲೋಮೀಟರುಗಳ ನಡುವಿನ ಅಂತರ ನೋಡಿ. ಅದು ಹತ್ತು ಸೆಕೆಂಡಿನೊಳಗಿದ್ದರೆ ಹಂಚಿಕೆ ಸರಿಯಿದೆ, ಮುಂದಿನ ಬಾರಿ ಗುರಿಯನ್ನೇ ಬಿಗಿಗೊಳಿಸಬಹುದು. ಇಪ್ಪತ್ತು ದಾಟಿದ್ದರೆ ಗುರಿ ಅದೇ ಇರಲಿ, ಮೊದಲ ಕಿಲೋಮೀಟರಿನ ಅಂಕಿಯನ್ನು ಬದಲಿಸಿ, ಮೂರು ನಾಲ್ಕು ವಾರ ಬಿಟ್ಟು ಮತ್ತೆ ಓಡಿ.