ಕಡಿಮೆ ಬೆಲೆಯ ಎಂಜಿನ್ ಸ್ಟ್ಯಾಂಡ್: ನಾನು ಆರಿಸಿದ ರೀತಿ

ಕಾರಿನಿಂದ ಇಳಿಸಿದ ಎಂಜಿನ್ ಅನ್ನು ಹಿಡಿದು ನಿಲ್ಲಿಸಿ, ಬೇಕಾದ ಹಾಗೆ ತಿರುಗಿಸಿ ಕೆಲಸ ಮಾಡಲು ಬಳಸುವ ಚಕ್ರದ ಆಸರೆಯೇ ಎಂಜಿನ್ ಸ್ಟ್ಯಾಂಡ್. ಅದನ್ನು ಕೊಳ್ಳಲು ಹೋದರೆ ಮೊದಲು ಕಣ್ಣಿಗೆ ಬೀಳುವುದು ಅದರ ಮೇಲೆ ಅಂಟಿಸಿರುವ, ಎಷ್ಟು ತೂಕ ಹೊರುತ್ತದೆ ಎನ್ನುವ ಸ್ಟಿಕರ್. 340 ಕಿಲೋ, 450 ಕಿಲೋ, 560 ಕಿಲೋ ಎಂದೆಲ್ಲ ಬರೆದಿರುತ್ತಾರೆ. ದೊಡ್ಡವು 900 ಕಿಲೋವರೆಗೂ ಇವೆ. ನನ್ನ ಹತ್ತಿರ ಇದ್ದದ್ದು ಎರಕದ ಕಬ್ಬಿಣದ ಬ್ಲಾಕ್ (ಎಂಜಿನ್‌ನ ಮುಖ್ಯ ಒಡಲು) ಇರುವ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್. ಗೇರ್‌ಬಾಕ್ಸ್ ಬಿಚ್ಚಿದ ಮೇಲೆ 150 ಕಿಲೋ ಆಸುಪಾಸು ತೂಗುತ್ತಿತ್ತು. ಸ್ಟಿಕರ್ ನಂಬಿದರೆ ಎಲ್ಲಕ್ಕಿಂತ ಚಿಕ್ಕ ಸ್ಟ್ಯಾಂಡೇ ಅದರ ಎರಡು ಪಟ್ಟು ಹೊರಬೇಕು, ಅಲ್ವಾ? ಆದರೂ ಅದನ್ನು ಬಿಟ್ಟು ಒಂದು ಹಂತ ಮೇಲಿನದನ್ನೇ ತೆಗೆದುಕೊಂಡೆ.

ಕಾರಣ ಹೇಳುತ್ತೇನೆ. ಸ್ಟ್ಯಾಂಡ್ ಹಿಡಿಯುವುದು ಎಂಜಿನ್‌ನ ಹಿಂಭಾಗವನ್ನು ಮಾತ್ರ, ಗೇರ್‌ಬಾಕ್ಸ್ ಕೂರುವ ಮುಖವನ್ನು. ಉಳಿದ ಎಂಜಿನ್ ಪೂರ್ತಿ ಮುಂದಕ್ಕೆ ಚಾಚಿಕೊಂಡು ನೇತಾಡುತ್ತದೆ. ಹಾಗಾಗಿ ಎಷ್ಟು ತೂಕ ಎನ್ನುವಷ್ಟೇ ಮುಖ್ಯ, ಆ ತೂಕ ಎಷ್ಟು ದೂರದಲ್ಲಿದೆ ಎನ್ನುವುದು. 150 ಕಿಲೋ ಎಂಜಿನ್‌ನ ತೂಕದ ನಡುಬಿಂದು ಸ್ಟ್ಯಾಂಡ್‌ನ ಕಂಬದಿಂದ 30 ಸೆಂಟಿಮೀಟರ್ ದೂರ ಇದ್ದರೆ ಕಂಬವನ್ನು ಬಗ್ಗಿಸುವ ಬಲ ಸುಮಾರು 440 ನ್ಯೂಟನ್ ಮೀಟರ್. ಅದೇ ತೂಕ 50 ಸೆಂಟಿಮೀಟರ್ ದೂರಕ್ಕೆ ಹೋದರೆ ಅದು 735ಕ್ಕೆ ಏರುತ್ತದೆ. ಉದ್ದನೆಯ ಆರು ಸಿಲಿಂಡರ್ ಎಂಜಿನ್‌ಗೆ ಸ್ಟ್ಯಾಂಡ್ ನೋಡುವವರು ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಸ್ಟಿಕರ್ ಮೇಲೆ ಈ ದೂರದ ಮಾತೇ ಇರುವುದಿಲ್ಲ. ಎಂಜಿನ್ ತೂಕದ ಮೂರು ಪಟ್ಟಾದರೂ ಹೊರುತ್ತೇನೆ ಎನ್ನುವ ಸ್ಟ್ಯಾಂಡ್ ಇರಲಿ ಎಂದು ನಾನೇ ಒಂದು ಲೆಕ್ಕ ಇಟ್ಟುಕೊಂಡೆ. ಅದಕ್ಕೆ ಹೆಚ್ಚಿಗೆ ಹೋದ ಹಣವನ್ನು ಬೇರೆ ಸೌಕರ್ಯಗಳನ್ನು ಬಿಟ್ಟು ಉಳಿಸಿದೆ.

ತಳದ ವಿಷಯಕ್ಕೆ ಬರುತ್ತೇನೆ. ತೀರಾ ಅಗ್ಗದ ಸ್ಟ್ಯಾಂಡ್‌ಗಳಿಗೆ ಮೂರೇ ಚಕ್ರ. ಹಿಂದೆ ಎರಡು, ಮುಂದೆ ಒಂದು. ಸುಮ್ನೆ ನಿಲ್ಲಿಸಿದ್ದಾಗ ಅದು ಗಟ್ಟಿಯಾಗೇ ಕಾಣುತ್ತದೆ. ಆದರೆ ಉದ್ದನೆಯ ಹಿಡಿ ಹಾಕಿ ಸಿಲಿಂಡರ್ ಹೆಡ್‌ನ (ಎಂಜಿನ್‌ನ ಮೇಲ್ಭಾಗದ) ಬೋಲ್ಟ್ ಬಿಚ್ಚಲು ಪಕ್ಕಕ್ಕೆ ಎಳೆದಾಗ ಎಂಜಿನ್ ಸಮೇತ ವಾಲಲು ನೋಡುತ್ತದೆ. ಮೂರು ಚಕ್ರದ್ದು ಬೇಡವೇ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ನಾಲ್ಕು ಚಕ್ರದ್ದರಲ್ಲೂ ಒಂದು ವಿಷಯ ಗಮನಿಸಬೇಕು. ಕೆಲವಕ್ಕೆ ಮುಂದಿನ ಎರಡು ಚಕ್ರಗಳನ್ನು ಗೇಣುದ್ದದ ಅಡ್ಡಪಟ್ಟಿಗೆ ಕೂಡಿಸಿರುತ್ತಾರೆ. ಹೆಸರಿಗೆ ನಾಲ್ಕು ಚಕ್ರ, ನಡೆಯುವುದು ಮೂರು ಚಕ್ರದ ಹಾಗೆಯೇ. ಅದಕ್ಕೇ ನಾನು ಟೇಪ್ ಹಿಡಿದು ಮುಂದಿನ ಎರಡು ಚಕ್ರಗಳ ನಡುವಿನ ಅಗಲ ಅಳೆದೆ. ತಳದ ಕಾಲು ಎಷ್ಟು ಮುಂದಕ್ಕೆ ಹೋಗುತ್ತದೆ ಎಂದೂ ನೋಡಿದೆ. ಮುಂದಿನ ಚಕ್ರಗಳು ಎಂಜಿನ್‌ನ ತೂಕದ ನಡುಬಿಂದುವಿಗಿಂತ ಚೆನ್ನಾಗಿ ಮುಂದಿರಬೇಕು. ಎಂಜಿನ್‌ನ ಮೂತಿಯವರೆಗೂ ಬಂದರೆ ಇನ್ನೂ ಒಳ್ಳೆಯದು.

ಇದೇ ಅಳತೆ ಇನ್ನೊಂದು ಕಾರಣಕ್ಕೂ ಬೇಕು. ಎಂಜಿನ್ ಅನ್ನು ಎತ್ತಿ ಸ್ಟ್ಯಾಂಡ್‌ಗೆ ತರುವುದು ಗ್ಯಾರೇಜಿನ ಚಿಕ್ಕ ಕ್ರೇನ್. ಕ್ರೇನ್‌ಗೂ ಕಾಲುಗಳಿವೆ, ಸ್ಟ್ಯಾಂಡ್‌ಗೂ ಕಾಲುಗಳಿವೆ. ಎರಡೂ ಒಂದೇ ಜಾಗಕ್ಕೆ ಬಂದು ಡಿಕ್ಕಿ ಹೊಡೆದರೆ 150 ಕಿಲೋ ಕಬ್ಬಿಣ ಗಾಳಿಯಲ್ಲಿ ತೂಗಾಡುತ್ತಿರುವಾಗ ಮಾಡುವುದಕ್ಕೆ ಏನೂ ಇರುವುದಿಲ್ಲ. ಕ್ರೇನನ್ನು ಎಂಜಿನ್‌ನ ಮುಂದಿನಿಂದ ತಂದರೆ ಅದರ ಕಾಲುಗಳ ನಡುವೆ ಸ್ಟ್ಯಾಂಡ್‌ನ ತಳ ಸಲೀಸಾಗಿ ಹೋಗಬೇಕು. ಕ್ರೇನ್ ಬಾಡಿಗೆಗೆ ತರುವವರು ಅದರ ಕಾಲುಗಳ ಒಳಗಿನ ಅಗಲವನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಚಕ್ರಗಳು ಚಿಕ್ಕವಿದ್ದಷ್ಟೂ ನೆಲದ ಬಿರುಕಿನಲ್ಲಿ, ಬಾಗಿಲ ಪಟ್ಟಿಯಲ್ಲಿ ಸಿಕ್ಕಿಕೊಳ್ಳುತ್ತವೆ. ತಳ್ಳುತ್ತಿರುವ ಸ್ಟ್ಯಾಂಡ್ ತಟ್ಟನೆ ನಿಂತರೆ ಮೇಲಿನ ಭಾರ ಮುಂದಕ್ಕೆ ನುಗ್ಗುತ್ತದೆ. ನೆಲ ನುಣುಪಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನನ್ನ ನೆಲ ಅಷ್ಟು ನುಣುಪಿಲ್ಲ, ಹಾಗಾಗಿ ದೊಡ್ಡ ಚಕ್ರ ಇರುವುದನ್ನೇ ಹುಡುಕಿದೆ.

ಇನ್ನು ಕಂಬ ತಳಕ್ಕೆ ಸೇರುವ ಜಾಗ. ಬಗ್ಗಿಸುವ ಬಲವೆಲ್ಲ ಇಳಿದು ಬರುವುದು ಇಲ್ಲಿಗೇ. ವೆಲ್ಡಿಂಗ್ ಸುತ್ತಲೂ ಒಂದೇ ಸಮ ಇರಬೇಕು. ಕಂಬ ಮತ್ತು ತಳದ ಮೂಲೆಗೆ ತ್ರಿಕೋನದ ತುಂಡೊಂದನ್ನು ಸೇರಿಸಿ ಬೆಸೆದಿದ್ದರೆ ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಬಣ್ಣ ದಪ್ಪಗೆ ಬಳಿದಿದ್ದರೆ ಬೆರಳಾಡಿಸಿ ನೋಡಿ. ಅಲ್ಲಲ್ಲಿ ಚುಕ್ಕೆ ಇಟ್ಟು ನಡುವೆ ಖಾಲಿ ಬಿಟ್ಟಿದ್ದರೆ ಬೆರಳಿಗೆ ಗೊತ್ತಾಗುತ್ತದೆ. ಮಡಚುವ ಸ್ಟ್ಯಾಂಡ್ ಜಾಗ ಉಳಿಸುತ್ತದೆ, ನಿಜ. ಆದರೆ ಅಗ್ಗದ ಬೆಲೆಯಲ್ಲಿ ಮಡಚುವ ಕೀಲು ಗಟ್ಟಿಯಾಗಿ ಸಿಗುವುದು ಕಷ್ಟ. ಆ ಸೌಕರ್ಯವನ್ನು ನಾನು ಬಿಟ್ಟೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದ್ದು ಸ್ಟ್ಯಾಂಡ್‌ನ ತಿರುಗುವ ತಲೆಯನ್ನು, ಅಂದರೆ ಎಂಜಿನ್‌ಗೆ ಬೋಲ್ಟ್ ಆಗುವ ತೋಳುಗಳಿರುವ ಭಾಗವನ್ನು. ಅಗ್ಗದ ಸ್ಟ್ಯಾಂಡ್‌ಗಳಲ್ಲಿ ಇದು ಪೈಪಿನೊಳಗೆ ಪೈಪ್, ಅಷ್ಟೆ. ಬೇರಿಂಗ್ ಇರುವುದಿಲ್ಲ. ಒಳಗಿನ ಪೈಪ್ ಎಷ್ಟು ಉದ್ದ ಒಳಗೆ ಹೋಗುತ್ತದೆ, ಎಷ್ಟು ಸಡಿಲ ಇದೆ ಎನ್ನುವುದರ ಮೇಲೆ ಇಡೀ ಕೆಲಸದ ಸುಖ ನಿಂತಿದೆ. ತಲೆಯನ್ನು ಪೂರ್ತಿ ಒಳಗೆ ತೂರಿಸಿ, ಅದರ ತೋಳು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿದೆ. ಇಲ್ಲಿ ಕೂದಲೆಳೆಯಷ್ಟು ಕಾಣುವ ಆಟ ಎಂಜಿನ್‌ನ ಮೂತಿಗೆ ಹೋಗುವಷ್ಟರಲ್ಲಿ ಬೆರಳಷ್ಟಾಗಿರುತ್ತದೆ. ಒಳ್ಳೆಯ ಸ್ಟ್ಯಾಂಡ್‌ಗಳಲ್ಲಿ ಪೈಪನ್ನು ಒಂಚೂರು ಮೇಲ್ಮುಖವಾಗಿ ಬೆಸೆದಿರುತ್ತಾರೆ. ಖಾಲಿ ಇದ್ದಾಗ ಸೊಟ್ಟ ಅನ್ನಿಸುತ್ತದೆ. ಭಾರ ಬಿದ್ದ ಮೇಲೆ ಎಂಜಿನ್ ಮಟ್ಟಕ್ಕೆ ಬರಲಿ ಎಂದೇ ಹಾಗೆ ಮಾಡುವುದು, ಅದನ್ನು ದೋಷ ಎಂದುಕೊಳ್ಳಬೇಡಿ. ಮನೆಗೆ ತಂದ ಕೂಡಲೇ ಪೈಪಿಗೆ ಗ್ರೀಸ್ ಮೆತ್ತಿದೆ. ಒಣ ಪೈಪಿನಲ್ಲಿ ಎಂಜಿನ್ ತಿರುಗಿಸಿದರೆ ಸಿಕ್ಕಿಕೊಂಡು ಸಿಕ್ಕಿಕೊಂಡು ಜಿಗಿಯುತ್ತದೆ.

ಗೇರ್ ಇರುವ ತಲೆಯೂ ಸಿಗುತ್ತದೆ. ಹಿಡಿ ತಿರುಗಿಸಿದರೆ ಎಂಜಿನ್ ನಿಧಾನವಾಗಿ ತಿರುಗಿ, ಬಿಟ್ಟಲ್ಲೇ ನಿಲ್ಲುತ್ತದೆ. ತುಂಬಾ ಚೆನ್ನಾಗಿದೆ, ಬೆಲೆಯೂ ಅಷ್ಟೇ ಜಾಸ್ತಿ. ದೊಡ್ಡ ಡೀಸೆಲ್ ಎಂಜಿನ್‌ನಲ್ಲಿ ಒಬ್ಬರೇ ಕೆಲಸ ಮಾಡುವವರು ಅದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ನನ್ನ ಎಂಜಿನ್‌ಗೆ ಪಿನ್ ಹಾಕಿ ನಿಲ್ಲಿಸುವ ತಲೆ ಸಾಕಾಯಿತು.

ಸ್ಟ್ಯಾಂಡ್ ಜೊತೆ ಬರುವ ಬೋಲ್ಟ್‌ಗಳನ್ನು ನಾನು ಬಳಸಲಿಲ್ಲ. ಅವು ನಿಮ್ಮ ಬ್ಲಾಕ್‌ಗೆ ಹೊಂದುತ್ತವೆ ಎನ್ನುವ ಭರವಸೆ ಇಲ್ಲ. ಕಾರಿನ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಎಂ10 ಅಥವಾ ಎಂ12 (ಅಂದರೆ 10 ಅಥವಾ 12 ಮಿಲಿಮೀಟರ್ ದಪ್ಪದ ಬೋಲ್ಟ್) ಇರುತ್ತದೆ. ಆದರೆ ಅದರಲ್ಲೂ ಥ್ರೆಡ್‌ನ ಸುತ್ತುಗಳ ನಡುವಿನ ಅಂತರ ಬೇರೆ ಬೇರೆ: 1.25, 1.5, 1.75 ಮಿಲಿಮೀಟರ್. ಗೇರ್‌ಬಾಕ್ಸ್ ಬಿಚ್ಚಿದಾಗ ಸಿಕ್ಕ ಬೋಲ್ಟ್ ಒಂದನ್ನು ಅಂಗಡಿಗೆ ತೆಗೆದುಕೊಂಡು ಹೋಗಿ ಅದೇ ಥ್ರೆಡ್‌ನ ಉದ್ದನೆಯ ಬೋಲ್ಟ್ ತಂದೆ. ಬೋಲ್ಟ್‌ನ ತಲೆಯ ಮೇಲೆ ಅದರ ಬಲದ ಗುರುತು 8.8ಕ್ಕಿಂತ ಕಡಿಮೆ ಇರುವುದು ಬೇಡ, 10.9 ಸಿಕ್ಕರೆ ಅದೇ ಇರಲಿ. ಎರಕದ ಕಬ್ಬಿಣದಲ್ಲಿ ಬೋಲ್ಟ್‌ನ ದಪ್ಪದ ಒಂದೂವರೆ ಪಟ್ಟಾದರೂ ಥ್ರೆಡ್ ಒಳಗೆ ಕೂರಬೇಕು. ಅಲ್ಯೂಮಿನಿಯಂ ಬ್ಲಾಕ್ ಆದರೆ ಎರಡು ಪಟ್ಟು, ಅಂದರೆ ಎಂ10ಕ್ಕೆ 20 ಮಿಲಿಮೀಟರ್. ತೂತಿನ ಆಳವನ್ನೂ ಅಳೆಯಿರಿ. ಬೋಲ್ಟ್ ಹೆಚ್ಚು ಉದ್ದ ಇದ್ದರೆ ತೂತಿನ ತಳಕ್ಕೆ ತಾಗಿ ಬಿಗಿಯಾದ ಹಾಗೆ ಅನ್ನಿಸುತ್ತದೆ, ತೋಳು ಮಾತ್ರ ಸಡಿಲವೇ ಇರುತ್ತದೆ. ಜೊತೆಗೆ ಗಟ್ಟಿ ವಾಷರ್ ಹಾಕಿ.

ಕೂರಿಸುವ ಕ್ರಮ ಹೀಗಿತ್ತು. ಎಂಜಿನ್ ಆಯಿಲ್, ಕೂಲೆಂಟ್ ಎರಡನ್ನೂ ಮೊದಲೇ ಇಳಿಸಿದ್ದೆ. ಎಂಜಿನ್ ಕ್ರೇನ್‌ನಲ್ಲಿ ನೇತಾಡುತ್ತಿರುವಾಗಲೇ ಕ್ಲಚ್, ಫ್ಲೈವೀಲ್ (ಎಂಜಿನ್‌ನ ಹಿಂದಿರುವ ಭಾರದ ಚಕ್ರ) ಬಿಚ್ಚಿದೆ. ಆಮೇಲೆ ತಲೆಯನ್ನು ಸ್ಟ್ಯಾಂಡ್‌ನಿಂದ ಹೊರಗೆಳೆದು, ಅದನ್ನೊಂದನ್ನೇ ಎಂಜಿನ್‌ಗೆ ಬೋಲ್ಟ್ ಮಾಡಿದೆ. ಕೊನೆಗೆ ಸ್ಟ್ಯಾಂಡನ್ನು ತಳ್ಳಿಕೊಂಡು ಬಂದು ಪೈಪಿಗೆ ಪೈಪ್ ಸೇರಿಸಿದೆ. ಬೋಲ್ಟ್‌ಗಳಿಗೆ ಕೈ ಆಡಿಸಲು ಜಾಗ ಇರುವುದು ಹೀಗೆ ಮಾಡಿದಾಗ ಮಾತ್ರ. ಪಿನ್ ಹಾಕಿದ ಮೇಲೆ ಕ್ರೇನನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ಪ್ರತಿ ಸಲ ನಿಲ್ಲಿಸಿ ಕಂಬದ ಬುಡ ನೋಡಿದೆ. ಪೂರ್ತಿ ಭಾರ ಸ್ಟ್ಯಾಂಡ್ ಮೇಲೆ ಬಂದರೂ ಸರಪಳಿಯನ್ನು ಸಡಿಲವಾಗಿ ಹಾಗೇ ಇಟ್ಟಿದ್ದೆ.

ತಲೆಯನ್ನು ಎಂಜಿನ್‌ಗೆ ಎಲ್ಲಿ ಹಿಡಿಸುತ್ತೀರಿ ಎನ್ನುವುದು ತುಂಬಾ ಮುಖ್ಯ. ತಿರುಗುವ ಪೈಪಿನ ನಡುಗೆರೆ ಎಂಜಿನ್‌ನ ತೂಕದ ನಡುವೆ ಹಾದುಹೋದರೆ ಒಂದೇ ಕೈಯಲ್ಲಿ ತಿರುಗಿಸಬಹುದು. ನಡುಗೆರೆ ಕೆಳಗಾದರೆ ಪಿನ್ ಎಳೆದ ಕ್ಷಣವೇ ಎಂಜಿನ್ ತಲೆಕೆಳಗಾಗಲು ಹೊರಡುತ್ತದೆ, ತಲೆಯನ್ನು ತಿರುಗಿಸುವ ಹಿಡಿಯ ಕಂಬಿ ನಿಮ್ಮ ಮಣಿಕಟ್ಟಿಗೆ ಬಡಿಯುತ್ತದೆ. ಸಾಮಾನ್ಯವಾಗಿ ಆ ಜಾಗ ಕ್ರ್ಯಾಂಕ್‌ನ (ಎಂಜಿನ್ ಒಳಗೆ ತಿರುಗುವ ಮುಖ್ಯ ದಂಡದ) ನಡುವಿಗಿಂತ ಸ್ವಲ್ಪ ಮೇಲೆ ಇರುತ್ತದೆ. ಸಿಲಿಂಡರ್ ಹೆಡ್ ಇದ್ದಾಗ ಇನ್ನೂ ಮೇಲೆ, ಬಿಚ್ಚಿದರೆ ಕೆಳಗೆ. ಎರಡರ ನಡುವಿನ ಜಾಗ ಆರಿಸಿಕೊಂಡೆ. ಆದರೂ ಕಂಬಿಯನ್ನು ಗಟ್ಟಿಯಾಗಿ ಹಿಡಿಯದೆ ಪಿನ್ ಎಳೆಯುವುದಿಲ್ಲ. ಎಂಜಿನ್ ಹಗುರ ಇದ್ದರೂ ಅಷ್ಟೇ.

ಕ್ರ್ಯಾಂಕ್ ಪುಲ್ಲಿ ಬೋಲ್ಟ್‌ನಂಥ ಹಟಮಾರಿ ಬೋಲ್ಟ್‌ಗಳನ್ನು ಎಂಜಿನ್ ಕಾರಿನಲ್ಲಿ ಇರುವಾಗಲೇ ಸಡಿಲಿಸಿಡಿ. ಸ್ಟ್ಯಾಂಡ್ ಮೇಲೆ ಅಷ್ಟು ಬಲ ಹಾಕುವುದು ಸರಿಯಲ್ಲ. ಹಾಕಲೇಬೇಕಾದರೆ ಎಂಜಿನ್‌ನ ಮೂತಿಯ ಕೆಳಗೆ ಜಾಕ್ ಸ್ಟ್ಯಾಂಡ್ (ಎತ್ತಿದ ಕಾರಿನ ಕೆಳಗೆ ಇಡುವ ಆಸರೆ) ಇಟ್ಟು, ನಡುವೆ ಮರದ ತುಂಡು ಕೊಡುತ್ತೇನೆ. ಬಿಡಿಭಾಗ ಬರಲು ತಡವಾಗಿ ಎಂಜಿನ್ ವಾರಗಟ್ಟಲೆ ಹಾಗೇ ನಿಲ್ಲುವಾಗಲೂ ಇದೇ ಆಸರೆ ಕೊಡಿ.

ಹಳೆಯ ಸ್ಟ್ಯಾಂಡ್ ಸಿಕ್ಕರೆ ಸಂತೋಷವಾಗಿ ಕೊಳ್ಳಿ. ಇದು ಸುಲಭಕ್ಕೆ ಸವೆಯುವ ವಸ್ತುವಲ್ಲ. ಪೈಪಿನ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗಿದೆಯೇ, ವೆಲ್ಡಿಂಗ್ ಪಕ್ಕದಲ್ಲಿ ಬಣ್ಣ ಬಿರುಕು ಬಿಟ್ಟು ತುಕ್ಕಿನ ಗೆರೆ ಕಾಣುತ್ತಿದೆಯೇ, ಪಿನ್ ಮೂಲದ್ದೋ ಯಾವುದೋ ಮೊಳೆಯೋ, ಇಷ್ಟು ನೋಡಿದರೆ ಸಾಕು. ಬಿರುಕು ಕಂಡರೆ ಮಾತ್ರ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ಎಂಜಿನ್ ಕೆಲಸವೆಲ್ಲ ಸ್ಟ್ಯಾಂಡ್ ಮೇಲೆ ಮುಗಿಯುವುದಿಲ್ಲ ಎನ್ನುವುದೂ ಲೆಕ್ಕದಲ್ಲಿರಲಿ. ಹಿಂಭಾಗವನ್ನು ತಲೆಯೇ ಮುಚ್ಚಿಕೊಂಡಿರುವುದರಿಂದ ಹಿಂದಿನ ಆಯಿಲ್ ಸೀಲ್‌ಗೆ ಕೈ ಸರಿಯಾಗಿ ಹೋಗುವುದಿಲ್ಲ, ಫ್ಲೈವೀಲ್ ಅಂತೂ ಕೂರುವುದೇ ಇಲ್ಲ. ನಾನು ಎಂಜಿನ್ ಅನ್ನು ಮತ್ತೆ ಕ್ರೇನ್‌ಗೆ ಹಾಕಿ ತಲೆ ಬಿಚ್ಚಿ, ನೆಲದ ಹತ್ತಿರ ಮರದ ದಿಮ್ಮಿಗಳ ಮೇಲೆ ಇಳಿಸಿ, ಸರಪಳಿ ಬಿಗಿಯಾಗಿರುವಾಗಲೇ ಸೀಲ್, ಫ್ಲೈವೀಲ್, ಕ್ಲಚ್ ಕೂರಿಸಿದೆ. ಕ್ರೇನ್ ಬಾಡಿಗೆಯದ್ದಾದರೆ ಎಂಜಿನ್ ಇಳಿಸುವ ದಿನಕ್ಕೂ ಅದನ್ನು ಹೇಳಿಟ್ಟಿರಿ.