ಹನ್ನೊಂದನೇ ಗಂಟೆ ಅಂದರೆ ಎಷ್ಟು ಗಂಟೆ?

ಇಂಗ್ಲಿಷ್ ಸುದ್ದಿಗಳನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಸೇರಿದ ಮೊದಲ ತಿಂಗಳು. ರಾತ್ರಿ ಪಾಳಿ. ಯಾವುದೋ ಮೈತ್ರಿ ಮಾತುಕತೆ 'ಅಟ್ ದಿ ಇಲೆವೆಂತ್ ಅವರ್' ಮುರಿದುಬಿತ್ತು ಅಂತ ಏಜೆನ್ಸಿ ಸುದ್ದಿ ಬಂತು. ನಾನು ಸುಮ್ನೆ 'ಹನ್ನೊಂದನೇ ಗಂಟೆಗೆ ಮಾತುಕತೆ ಮುರಿದುಬಿತ್ತು' ಅಂತ ಬರೆದು ಕೊಟ್ಟೆ. ಪುಟ ನೋಡುತ್ತಿದ್ದ ಹಿರಿಯರು ಕರೆದರು. "ರಾತ್ರಿ ಹನ್ನೊಂದಾ? ಈಗಿನ್ನೂ ಹತ್ತೂವರೆ ಕಣಯ್ಯಾ!"

ಅವರೇ ಅದನ್ನು ಹೊಡೆದು 'ಕೊನೆ ಗಳಿಗೆಯಲ್ಲಿ' ಅಂತ ಬರೆದರು. ಮುಗೀತು. ಆದರೆ ನನಗೆ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ಕೊನೆ ಅನ್ನೋದಕ್ಕೆ ಹನ್ನೆರಡು ಬಿಟ್ಟು ಹನ್ನೊಂದೇ ಯಾಕೆ? ಮಧ್ಯರಾತ್ರಿ ಹನ್ನೆರಡಕ್ಕೆ ದಿನ ಮುಗಿಯುತ್ತದಲ್ಲ, ಅದಕ್ಕೆ ಒಂದು ಗಂಟೆ ಮುಂಚೆ ಅಂತ ಇರಬೇಕು ಅಂದುಕೊಂಡೆ. ಲೆಕ್ಕ ಚೆನ್ನಾಗಿಯೇ ಇತ್ತು, ಆದರೆ ತಪ್ಪು.

ಈ ಮಾತಿನ ಬೇರು ಬೈಬಲ್ಲಿನಲ್ಲಿದೆ, ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ. 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲ್ಲಿನಲ್ಲೂ ಇದೇ ಪದಗಳಿವೆ. ದ್ರಾಕ್ಷಿ ತೋಟದ ಯಜಮಾನ ಕೂಲಿಯಾಳು ಹುಡುಕಿಕೊಂಡು ಬೆಳಗ್ಗೆಯೇ ಪೇಟೆಗೆ ಹೋಗುತ್ತಾನೆ, ದಿನಕ್ಕೆ ಒಂದು ದಿನಾರಿ (ಆ ಕಾಲದ ಬೆಳ್ಳಿ ನಾಣ್ಯ) ಅಂತ ಮಾತಾಗುತ್ತದೆ. ಆಮೇಲೆ ಮೂರನೇ ತಾಸಿಗೆ, ಆರನೇ ತಾಸಿಗೆ, ಒಂಬತ್ತನೇ ತಾಸಿಗೆ ಹೋಗಿ ಇನ್ನಷ್ಟು ಜನರನ್ನು ಕರೆತರುತ್ತಾನೆ. ಹನ್ನೊಂದನೇ ತಾಸಿಗೆ ಹೋದಾಗಲೂ ಕೆಲವರು ನಿಂತೇ ಇರುತ್ತಾರೆ. ಯಾಕ್ರಪ್ಪಾ ಅಂದರೆ, ನಮ್ಮನ್ನು ಯಾರೂ ಕರೆಯಲಿಲ್ಲ ಅನ್ನುತ್ತಾರೆ. (ನಮ್ಮ ಸರ್ಕಲ್ಲುಗಳಲ್ಲಿ ಬೆಳಗ್ಗೆ ಮೇಸ್ತ್ರಿಗಾಗಿ ಕಾಯುವವರು ನೆನಪಾದರು.) ಸಂಜೆ ಎಲ್ಲರಿಗೂ ಅದೇ ಒಂದು ದಿನಾರಿ. ಬೆಳಗ್ಗೆಯಿಂದ ಬಿಸಿಲಲ್ಲಿ ಬೆಂದವರು ಗೊಣಗುತ್ತಾರೆ, ಗೊಣಗದೆ ಇರುತ್ತಾರಾ!

ಆ ಕಾಲದ ತಾಸು ಎಣಿಸುತ್ತಿದ್ದದ್ದು ಸೂರ್ಯ ಹುಟ್ಟಿದಾಗಿನಿಂದ. ಹಗಲಿಗೆ ಹನ್ನೆರಡು ತಾಸು. ಹಾಗಾಗಿ ಹನ್ನೊಂದು ಅಂದರೆ ನಮ್ಮ ಸಂಜೆ ಐದು ಗಂಟೆ ಹತ್ತಿರ, ಹೊತ್ತು ಮುಳುಗಲು ಒಂದೇ ತಾಸು ಬಾಕಿ. ಇದು ನಮಗೇನೂ ಹೊಸದಲ್ಲ, ಪಂಚಾಂಗದವರೂ ಸೂರ್ಯೋದಯದಿಂದಲೇ ಗಳಿಗೆ ಎಣಿಸುತ್ತಾರೆ. ಗಳಿಗೆ ಅಂದರೆ 24 ನಿಮಿಷ. ಅಂದರೆ ಆ ಕೂಲಿಯವರಿಗೆ ಉಳಿದಿದ್ದು ಎರಡೂವರೆ ಗಳಿಗೆ. ಹಾಗೆ ನೋಡಿದರೆ ನಮ್ಮ 'ಕೊನೆ ಗಳಿಗೆ' ಇಂಗ್ಲಿಷಿನವರದ್ದಕ್ಕಿಂತ ಜಾಸ್ತಿ ಬಿಗಿ! ಇನ್ನೊಂದು ತಮಾಷೆ, ಮೂಲ ಕಥೆಯಲ್ಲಿ ಅವಸರವೂ ಇಲ್ಲ, ಗಂಡಾಂತರವೂ ಇಲ್ಲ. ತಡವಾಗಿ ಬಂದವರಿಗೂ ಪೂರ್ತಿ ಕೂಲಿ ಸಿಕ್ಕಿತು ಅನ್ನೋದೇ ಅಲ್ಲಿನ ಮಾತು.

ಇಷ್ಟು ತಿಳಿದ ಮೇಲೆ ನನಗೆ ಸ್ವಲ್ಪ ಕೊಬ್ಬು ಬಂತು. ಎಲ್ಲಿ ಆ ಮಾತು ಕಂಡರೂ ಕಣ್ಣು ಮುಚ್ಚಿಕೊಂಡು 'ಕೊನೆ ಗಳಿಗೆ' ಹಾಕತೊಡಗಿದೆ. ಒಂದು ನವೆಂಬರಿನಲ್ಲಿ ಮೊದಲ ಮಹಾಯುದ್ಧದ ಬಗ್ಗೆ ಲೇಖನ ಬಂತು, 'ಹನ್ನೊಂದನೇ ತಿಂಗಳ ಹನ್ನೊಂದನೇ ದಿನದ ಹನ್ನೊಂದನೇ ಗಂಟೆ' ಅಂತ. ನಾನು 'ನವೆಂಬರ್ 11ರ ಕೊನೆ ಗಳಿಗೆಯಲ್ಲಿ ಯುದ್ಧ ನಿಂತಿತು' ಅಂತ ಬರೆದೆ. ಅಚ್ಚಾಗಿಯೂ ಹೋಯಿತು. ಅಲ್ಲಿ ಹನ್ನೊಂದು ಅಂದರೆ ನಿಜವಾಗಿಯೂ ಬೆಳಗಿನ ಹನ್ನೊಂದು. 1918ರಲ್ಲಿ ಫ್ರಾನ್ಸಿನ ಕೊಂಪಿಯೇನ್ ಕಾಡಿನೊಳಗೆ, ರೈಲು ಬೋಗಿಯಲ್ಲಿ, ಬೆಳಗಿನ ಜಾವ ಐದರ ಸುಮಾರಿಗೆ ಸಹಿ ಬಿದ್ದಿತ್ತು, ಗುಂಡು ನಿಂತದ್ದು ಹನ್ನೊಂದಕ್ಕೆ. ನಡುವಿನ ಆ ಆರು ಗಂಟೆಯಲ್ಲೂ ಜನ ಸತ್ತರು. ಬೆಳಗಿನ ಆ ಹನ್ನೊಂದನ್ನು ನಾನು ರಾತ್ರಿಯಾಗಿಸಿಬಿಟ್ಟಿದ್ದೆ.

ಈಗ ಈ ಮಾತು ಸಿಕ್ಕರೆ ಮೊದಲು ಅಕ್ಕಪಕ್ಕದಲ್ಲಿ ತಾರೀಖು ಇದೆಯಾ ನೋಡುತ್ತೇನೆ. ಇಲ್ಲದಿದ್ದರೆ ಕೆಲಸ ಆಯಿತಾ, ಕೆಟ್ಟಿತಾ ನೋಡುತ್ತೇನೆ. ಕೆಟ್ಟಿದ್ದರೆ 'ಕೊನೆ ಗಳಿಗೆ' ಸರಿಯಾಗಿ ಕೂರುತ್ತದೆ. ಆಗಿದ್ದರೆ 'ಇನ್ನೇನು ಕೈತಪ್ಪಿತು ಅನ್ನುವಷ್ಟರಲ್ಲಿ' ಅಂತ ಬರೆಯುವುದು ನನಗೆ ಇಷ್ಟ, ಪುಟದಲ್ಲಿ ಜಾಗ ಇದ್ದರೆ.