ಒಂದೇ ಫೋನು, 40 ಮಕ್ಕಳು: ಆನ್‌ಲೈನ್ ಸಾಧನ ಬಳಸಿ ಪಾಠ ಮಾಡುವುದು ಹೇಗೆ?

ಶಾಲೆಗೆ ಸ್ಮಾರ್ಟ್ ಟಿವಿ ಬಂತು, ಪ್ರೊಜೆಕ್ಟರ್ ಬಂತು, ಪಠ್ಯಪುಸ್ತಕದ ಪುಟಕ್ಕೆ ಕ್ಯೂಆರ್ ಕೋಡೂ ಬಂತು. ಆದರೂ ಬಹಳ ಕಡೆ ಆಗುವುದು ಇಷ್ಟೇ: ಯೂಟ್ಯೂಬ್‌ನಲ್ಲಿ ಯಾರೋ ಮಾಡಿದ ಉದ್ದದ ವಿಡಿಯೊ ಹಾಕುವುದು, ಮೇಷ್ಟ್ರು ಪಕ್ಕದಲ್ಲಿ ಕೈಕಟ್ಟಿ ನಿಲ್ಲುವುದು, ಮುಗಿದ ಮೇಲೆ "ಅರ್ಥ ಆಯ್ತಾ?" ಅಂತ ಕೇಳುವುದು, ಇಡೀ ಕ್ಲಾಸು ಒಂದೇ ರಾಗದಲ್ಲಿ "ಆಯ್ತು ಸಾರ್" ಅನ್ನುವುದು. ಸಂಜೆ ವಾಟ್ಸ್ಆ್ಯಪ್ ಗ್ರೂಪಿಗೆ ನೋಟ್ಸಿನ ಫೋಟೊ. ಇದಕ್ಕೆ ಇಂಟರ್ನೆಟ್ ಬೇಕಿತ್ತಾ?

ಈ ಬರಹ ಪ್ರೌಢಶಾಲೆಯಲ್ಲಿ ಪಾಠ ಮಾಡುವವರಿಗೆ. ಮಕ್ಕಳ ಕೈಯಲ್ಲಿ ಫೋನಿಲ್ಲ, ನಿಮ್ಮ ಹತ್ತಿರ ಒಂದಿದೆ, ಶಾಲೆಯಲ್ಲಿ ಟಿವಿಯೋ ಲ್ಯಾಪ್‌ಟಾಪೋ ಏನೋ ಒಂದಿದೆ ಅಂದುಕೊಂಡು ಬರೆದಿದ್ದೇನೆ. ಅಷ್ಟಿದ್ದರೆ ಸಾಕು.

ಪಾಠ ಮೊದಲು, ಆ್ಯಪ್ ಆಮೇಲೆ

"ಯಾವ ಆ್ಯಪ್ ಚೆನ್ನಾಗಿದೆ?" ಅಂತ ಶುರು ಮಾಡಬೇಡಿ. ನಾಳೆಯ ಪಾಠ ತೆಗೆದು, ಬೋರ್ಡಿನ ಮೇಲೆ ಬರೆದು ತೋರಿಸಲು ಆಗದ ಜಾಗ ಯಾವುದು ಅಂತ ಹುಡುಕಿ. ಸಾಮಾನ್ಯವಾಗಿ ಅದು ಚಲಿಸುವ ವಸ್ತು, ಇಲ್ಲವೇ ಕಣ್ಣಿಗೆ ಕಾಣದಷ್ಟು ಚಿಕ್ಕದು, ಇಲ್ಲವೇ ಕಣ್ಣಿಗೆ ಹಿಡಿಸದಷ್ಟು ದೊಡ್ಡದು. ತ್ರಿಭುಜದ ಮೂಲೆ ಹಿಡಿದು ಹೇಗೆ ಎಳೆದರೂ ಮೂರು ಕೋನಗಳ ಮೊತ್ತ 180 ಡಿಗ್ರಿಯೇ ಇರುತ್ತದೆ ಅಂತ ತೋರಿಸಲು ಜಿಯೊಜೀಬ್ರಾ ಅನ್ನುವ ಗಣಿತದ ಆ್ಯಪ್ ಸರಿ. ಶರಾವತಿ ಅಂಬುತೀರ್ಥದಲ್ಲಿ ಹುಟ್ಟಿ ಲಿಂಗನಮಕ್ಕಿ, ಜೋಗ, ಗೇರುಸೊಪ್ಪ ದಾಟಿ ಹೊನ್ನಾವರದಲ್ಲಿ ಸಮುದ್ರ ಸೇರುವ ದಾರಿ ನೋಡಲು ಗೂಗಲ್ ಅರ್ಥ್ ಸರಿ. ಸಂಧಿ, ಸಮಾಸಕ್ಕೆ? ಚಾಕ್‌ಪೀಸೇ ಸಾಕು, ಸುಮ್ನೆ ಟಿವಿ ಹಚ್ಚಬೇಡಿ.

ಒಂದು ಪಾಠಕ್ಕೆ ಒಂದು ಜಾಗ, ಒಂದು ಸಾಧನ. ಅದಕ್ಕಿಂತ ಜಾಸ್ತಿ ಆದರೆ ಪೀರಿಯಡ್ಡೆಲ್ಲ ಕೇಬಲ್ ಸರಿ ಮಾಡುವುದರಲ್ಲೇ ಹೋಗುತ್ತದೆ.

ಹಿಂದಿನ ರಾತ್ರಿ ಮಾಡಿಕೊಳ್ಳಬೇಕಾದ್ದು

ಉದಾಹರಣೆಗೆ ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠ ಹಿಡಿಯೋಣ. ತಂತಿಯೊಳಗೆ ಏನು ಹರಿಯುತ್ತದೆ ಅನ್ನುವುದು ಯಾರಿಗೂ ಕಾಣುವುದಿಲ್ಲ. ಇದಕ್ಕೆ ಫೆಟ್ ಅನ್ನುವ ತಾಣ ಇದೆ. ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. ಪೂರ್ತಿ ಉಚಿತ, ಕೆಲವು ಪ್ರಯೋಗಗಳು ಕನ್ನಡದಲ್ಲೂ ಸಿಗುತ್ತವೆ. ಅದರಲ್ಲಿ 'ಸರ್ಕ್ಯೂಟ್ ಕನ್‌ಸ್ಟ್ರಕ್ಷನ್ ಕಿಟ್: ಡಿಸಿ' ಅಂತ ಒಂದಿದೆ. ಬ್ಯಾಟರಿ, ತಂತಿ, ಬಲ್ಬ್ ಎಳೆದು ಜೋಡಿಸಿದರೆ ವಿದ್ಯುತ್ ಮಂಡಲ ತಯಾರು.

ಮನೆಯಲ್ಲಿ ವೈಫೈ ಇರುವಾಗಲೇ ಆ ಪುಟದ ಡೌನ್‌ಲೋಡ್ ಗುರುತು ಒತ್ತಿ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಿ. ಒಂದೇ ಫೈಲು, ಬ್ರೌಸರಿನಲ್ಲಿ ತೆರೆಯುತ್ತದೆ, ನೆಟ್ ಇಲ್ಲದೆಯೂ ಓಡುತ್ತದೆ. ಶಾಲೆಯಲ್ಲಿ ನೆಟ್‌ವರ್ಕ್ ಸಿಗುತ್ತದೆ ಅಂತ ಯಾವತ್ತೂ ನಂಬಬೇಡಿ. ಸರ್ಕಾರದ ದೀಕ್ಷಾ ಆ್ಯಪಿನಲ್ಲೂ ಹೀಗೇ, ಪುಸ್ತಕದ ಕ್ಯೂಆರ್ ಕೋಡನ್ನು ಮನೆಯಲ್ಲೇ ಸ್ಕ್ಯಾನ್ ಮಾಡಿ, ಬೇಕಾದ್ದನ್ನು ಇಳಿಸಿ, ಪೂರ್ತಿ ನೋಡಿ. ಕೆಲವು ಚೆನ್ನಾಗಿವೆ. ಕೆಲವು ಪುಸ್ತಕವನ್ನೇ ಗಟ್ಟಿಯಾಗಿ ಓದಿದ ಹಾಗಿರುತ್ತವೆ, ಅವನ್ನು ಬಿಟ್ಟುಬಿಡಿ.

ಯೂಟ್ಯೂಬ್ ವಿಡಿಯೊ ತೋರಿಸಲೇಬೇಕಾದರೆ ಬೇಕಾದ ಎರಡು ನಿಮಿಷ ಎಲ್ಲಿದೆ ಅಂತ ಗುರುತು ಮಾಡಿಕೊಳ್ಳಿ. ಮೊದಲ ಸಲ ಧ್ವನಿ ಬಂದ್ ಮಾಡಿ ಹಾಕಿ, "ಏನಾಗ್ತಾ ಇದೆ ನೀವೇ ಹೇಳಿ" ಅನ್ನಿ. ಆಗ ನಿದ್ದೆ ಹೋಗುವ ಮಗುವೂ ಬಾಯಿ ಬಿಡುತ್ತದೆ.

ತರಗತಿಯಲ್ಲಿ: ಊಹೆ ಮೊದಲು, ಉತ್ತರ ಆಮೇಲೆ

ಪರದೆ ಹಚ್ಚುವ ಮೊದಲು ಪ್ರಶ್ನೆ ಹಾಕಿ. ಬೋರ್ಡಿನ ಮೇಲೆ ಒಂದು ಬ್ಯಾಟರಿ, ಸರಣಿಯಲ್ಲಿ ಎರಡು ಬಲ್ಬ್ ಬರೆಯಿರಿ. "ಯಾವ ಬಲ್ಬ್ ಜಾಸ್ತಿ ಬೆಳಗುತ್ತೆ? ನೋಟ್‌ಬುಕ್ಕಿನಲ್ಲಿ ಬರೀರಿ, ಪಕ್ಕದವರದ್ದು ನೋಡಬೇಡಿ." ಮೊದಲ ಬಲ್ಬೇ ಸ್ವಲ್ಪ ಕರೆಂಟು ತಿಂದುಬಿಡುತ್ತದೆ, ಹಾಗಾಗಿ ಎರಡನೆಯದು ಮಂಕು ಅಂತ ಬರೆಯುವ ಮಕ್ಕಳು ಪ್ರತಿ ಕ್ಲಾಸಿನಲ್ಲೂ ಸಿಗುತ್ತಾರೆ. ಓಮ್‌ನ ನಿಯಮ ಬಾಯಿಪಾಠ ಬರುವವರೂ ಹಾಗೇ ಬರೆಯುತ್ತಾರೆ. ತಿದ್ದಬೇಡಿ. ಯಾರ್ಯಾರು ಏನು ಅಂದುಕೊಂಡಿದ್ದಾರೆ ಅಂತ ಕೈ ಎತ್ತಿಸಿ, ಲೆಕ್ಕವನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ.

ಈಗ ಪರದೆಯ ಮೇಲೆ ಜೋಡಿಸಿ. ನೀವು ಜೋಡಿಸಬೇಡಿ, ಒಂದು ಮಗುವನ್ನು ಕರೆಯಿರಿ. ಬ್ಯಾಟರಿ 9 ವೋಲ್ಟ್, ಬಲ್ಬ್ ತಲಾ 10 ಓಮ್ ಇಡಿ. ಎರಡೂ ಬಲ್ಬ್ ಒಂದೇ ಸಮ ಬೆಳಗುತ್ತವೆ. ಅಮ್ಮೀಟರನ್ನು ಮೊದಲ ಬಲ್ಬಿನ ಈಚೆ, ಎರಡರ ನಡುವೆ, ಆಚೆ ಇಟ್ಟು ನೋಡಿದರೆ ಮೂರೂ ಕಡೆ 0.45 ಆಂಪೇರ್. ಕರೆಂಟನ್ನು ಯಾರೂ ತಿಂದಿಲ್ಲ! ಆಮೇಲೆ ಅದೇ ಬಲ್ಬುಗಳನ್ನು ಸಮಾಂತರವಾಗಿ ಹಾಕಿಸಿ, ಆದರೆ ಸ್ವಿಚ್ ಒತ್ತುವ ಮೊದಲು ಮತ್ತೆ ಊಹೆ ಬರೆಸಿ. ಒಂದೊಂದರಲ್ಲೂ 0.9, ಬ್ಯಾಟರಿಯಿಂದ ಹೊರಡುವುದು 1.8 ಆಂಪೇರ್. ಒಂದು ಬಲ್ಬ್ ತೆಗೆದರೂ ಇನ್ನೊಂದು ಆರುವುದಿಲ್ಲ. ಹಬ್ಬಕ್ಕೆ ಹಾಕುವ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬ್ ಹೋದರೆ ಸಾಲೇ ಯಾಕೆ ಆರುತ್ತಿತ್ತು ಅಂತ ಆಗ ಮಕ್ಕಳೇ ಹೇಳುತ್ತಾರೆ.

ಇಲ್ಲೊಂದು ತೊಡಕಿದೆ, ಮೊದಲೇ ತಿಳಿದಿರಲಿ. ಪರದೆಯಲ್ಲಿ ನೀಲಿ ಚುಕ್ಕಿಗಳು ಹರಿಯುತ್ತವಲ್ಲ, ಅವು ಎಲೆಕ್ಟ್ರಾನ್. ಅವು ಬ್ಯಾಟರಿಯ ಋಣ ತುದಿಯಿಂದ ಹೊರಟು ತಂತಿ ಸುತ್ತಿ ಧನ ತುದಿಗೆ ಬರುತ್ತವೆ. ನಮ್ಮ ಪುಸ್ತಕದಲ್ಲಿ ವಿದ್ಯುತ್ ಪ್ರವಾಹದ ಬಾಣ ಧನದಿಂದ ಋಣಕ್ಕೆ. "ಸಾರ್, ಉಲ್ಟಾ ಹೋಗ್ತಿದೆ" ಅಂತ ಯಾರಾದರೂ ಅಂದರೆ ಪಾಠ ಗೆದ್ದಿತು ಅಂತಲೇ ಅರ್ಥ. ಎಲೆಕ್ಟ್ರಾನ್ ಪತ್ತೆಯಾಗುವ ಮೊದಲೇ ದಿಕ್ಕನ್ನು ನಿಗದಿ ಮಾಡಿಬಿಟ್ಟಿದ್ದರು, ಆ ರೂಢಿಯೇ ಉಳಿಯಿತು ಅಂತ ಹೇಳಿ. ಬಾಣದ ರೀತಿಯಲ್ಲಿ ತೋರಿಸುವ ಆಯ್ಕೆಯೂ ಅಲ್ಲೇ ಇದೆ, ಎರಡನ್ನೂ ತೋರಿಸಿ. ಕೊನೆಗೆ ಬಲ್ಬನ್ನೇ ಬಿಟ್ಟು ಬರೀ ತಂತಿಯಿಂದ ಎರಡು ತುದಿ ಸೇರಿಸಲು ಬಿಡಿ. ಪರದೆಯ ಬ್ಯಾಟರಿಗೆ ಬೆಂಕಿ ಹತ್ತುತ್ತದೆ, ಕ್ಲಾಸು ಕಿರುಚುತ್ತದೆ. ಶಾರ್ಟ್ ಸರ್ಕ್ಯೂಟ್ ಅಂದರೇನು ಅಂತ ಬೇರೆ ಹೇಳಬೇಕಾಗಿಲ್ಲ.

ಟಿವಿ ಇಲ್ಲವೇ? ಲ್ಯಾಪ್‌ಟಾಪಿನ ಮುಂದೆ ಎಂಟೆಂಟು ಮಕ್ಕಳ ಗುಂಪು ಸರದಿಯಲ್ಲಿ ಬರಲಿ. ಉಳಿದವರು ಅಷ್ಟರಲ್ಲಿ ಟಾರ್ಚಿನ ಸೆಲ್ಲು, ಬಲ್ಬು, ತಂತಿ ಹಿಡಿದು ನಿಜವಾಗಿಯೇ ಮಾಡಲಿ. ಟಿವಿ ಇದ್ದರೂ ಇದನ್ನು ಬಿಡಬೇಡಿ. ಪರದೆಯ ತಂತಿ ಸಡಿಲ ಆಗುವುದಿಲ್ಲ, ಸೆಲ್ಲು ಹಳೆಯದಾಗುವುದಿಲ್ಲ. ನಿಜದ ಪ್ರಯೋಗದಲ್ಲಿ ಅದೆಲ್ಲ ಆಗುತ್ತದೆ, ಯಾಕೆ ಹತ್ತಲಿಲ್ಲ ಅಂತ ಹುಡುಕುವುದರಲ್ಲೇ ಅರ್ಧ ಕಲಿಕೆ ಇದೆ.

ಯಾರಿಗೆ ಅರ್ಥ ಆಗಿಲ್ಲ ಅಂತ ತಿಳಿಯಲು

ಮಕ್ಕಳ ಹತ್ತಿರ ಫೋನಿಲ್ಲದೆಯೂ ಆನ್‌ಲೈನ್ ಕ್ವಿಜ್ ಮಾಡಬಹುದು. ಪ್ಲಿಕರ್ಸ್ ಅನ್ನುವ ಆ್ಯಪ್ ಇದೆ. ಅದರ ಕಾಗದದ ಕಾರ್ಡುಗಳನ್ನು ಪ್ರಿಂಟ್ ಹಾಕಿಸಿ, ಒಬ್ಬೊಬ್ಬರಿಗೆ ಒಂದೊಂದು ನಂಬರ್ ಕಾರ್ಡ್ ಕೊಡಿ. ಸಾಮಾನ್ಯ ಸೆಟ್ಟಿನಲ್ಲಿ 40 ಕಾರ್ಡ್ ಬರುತ್ತವೆ, ದೊಡ್ಡ ಕ್ಲಾಸಿಗೆ 63ರ ಸೆಟ್ಟೂ ಇದೆ. ಕಾರ್ಡನ್ನು ಯಾವ ಕಡೆ ತಿರುಗಿಸಿ ಹಿಡಿಯುತ್ತಾರೋ ಅದೇ ಉತ್ತರ: ಎ, ಬಿ, ಸಿ ಅಥವಾ ಡಿ. ನೀವು ಬಾಗಿಲ ಹತ್ತಿರ ನಿಂತು ಫೋನಿನ ಕ್ಯಾಮೆರಾವನ್ನು ಕ್ಲಾಸಿನ ಮೇಲೆ ನಿಧಾನವಾಗಿ ಆಡಿಸಿದರೆ ಯಾರದ್ದು ಸರಿ, ಯಾರದ್ದು ತಪ್ಪು ಅಂತ ನಿಮ್ಮ ಫೋನಿಗೆ ಬರುತ್ತದೆ. ಪಕ್ಕದವರಿಗೆ ಗೊತ್ತಾಗುವುದಿಲ್ಲ, ಯಾಕಂದ್ರೆ ಒಬ್ಬೊಬ್ಬರ ಕಾರ್ಡಿನ ಚಿತ್ತಾರ ಬೇರೆ, ಅಕ್ಷರ ಬಹಳ ಚಿಕ್ಕದು. ಕಾರ್ಡನ್ನು ದಪ್ಪ ಕಾಗದದಲ್ಲಿ ತೆಗೆಸಿ. ಲ್ಯಾಮಿನೇಷನ್ ಬೇಡ, ಬೆಳಕು ಹೊಳೆದು ಕ್ಯಾಮೆರಾಗೆ ಸಿಗದೇ ಹೋಗಬಹುದು.

ಮನೆಯಿಂದ ಉತ್ತರ ಬೇಕಿದ್ದರೆ ಗೂಗಲ್ ಫಾರ್ಮ್ಸ್. ಆದರೆ ಅಂಕವನ್ನು ಅದೇ ಹಾಕಲಿ ಅಂತಿದ್ದರೆ ಆಯ್ಕೆಯ ಪ್ರಶ್ನೆಗಳನ್ನೇ ಕೊಡಿ. ಬರೆದು ಉತ್ತರಿಸುವ ಪ್ರಶ್ನೆಯಲ್ಲಿ ನೀವು ಕೊಟ್ಟ ಉತ್ತರಕ್ಕೆ ಅಕ್ಷರಕ್ಕಕ್ಷರ ಹೊಂದಬೇಕು. 'ವಿದ್ಯುಚ್ಛಕ್ತಿ' ಅನ್ನುವುದನ್ನು ಮಗು 'ವಿದ್ಯುತ್ ಶಕ್ತಿ' ಅಂತ ಬರೆದರೆ ಯಂತ್ರ ಸೊನ್ನೆ ಕೊಡುತ್ತದೆ, ಅದು ನ್ಯಾಯ ಅಲ್ಲ ಅಲ್ವಾ?

ವಾಟ್ಸ್ಆ್ಯಪ್ ಗ್ರೂಪ್: ಕಡಿಮೆ ಇದ್ದಷ್ಟೂ ಒಳ್ಳೆಯದು

ಮೊದಲು ಒಂದು ವಿಷಯ. ವಾಟ್ಸ್ಆ್ಯಪ್‌ಗೂ ಇನ್‌ಸ್ಟಾಗ್ರಾಂಗೂ ಕನಿಷ್ಠ ವಯಸ್ಸು 13. ಪ್ರೌಢಶಾಲೆಯ ಮಕ್ಕಳಿಗೆ ಅಷ್ಟಾಗಿದ್ದರೂ ಗ್ರೂಪಿನಲ್ಲಿ ಮಕ್ಕಳ ಬದಲು ಪೋಷಕರ ನಂಬರ್ ಇರಲಿ. ಹೇಗೂ ಬಹಳ ಮನೆಗಳಲ್ಲಿ ಇರುವುದು ಅಪ್ಪನದೋ ಅಮ್ಮನದೋ ಒಂದೇ ಫೋನು.

ಸಾಮಾನ್ಯ ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳ ಅಮ್ಮಂದಿರ ನಂಬರ್ ಯಾರ್ಯಾರ ಕೈಗೋ ಹೋಗುವುದು ಹೀಗೇ. ಅದರ ಬದಲು 'ಕಮ್ಯುನಿಟಿ' ಮಾಡಿ, ಅದರ ಅನೌನ್ಸ್‌ಮೆಂಟ್ ಗ್ರೂಪ್ ಬಳಸಿ. ಅಲ್ಲಿ ಸದಸ್ಯರ ನಂಬರ್ ಅಡ್ಮಿನ್‌ಗೆ ಕಾಣುತ್ತದೆ, ಇತರರಿಗೆ ಕಾಣುವುದಿಲ್ಲ. ಸಂದೇಶ ಹಾಕುವುದೂ ಅಡ್ಮಿನ್ ಮಾತ್ರ, ಹಾಗಾಗಿ ಗುಡ್ ಮಾರ್ನಿಂಗ್ ಹೂವಿನ ಕಾಟವೂ ಇಲ್ಲ.

ಏನು ಹಾಕಬೇಕು? ದಿನಕ್ಕೆ ಒಂದು ಪ್ರಶ್ನೆ. ಜೊತೆಗೆ ನಿಮ್ಮದೇ ದನಿಯಲ್ಲಿ ಒಂದು ನಿಮಿಷದ ವಾಯ್ಸ್ ಮೆಸೇಜ್. ಓದಲು ಬಾರದ ಅಜ್ಜಿಯೂ ಅದನ್ನು ಮೊಮ್ಮಗಳಿಗೆ ಹಾಕಿ ಕೇಳಿಸಬಹುದು, ಡೇಟಾವೂ ಹೆಚ್ಚು ತಿನ್ನುವುದಿಲ್ಲ. ಅಪ್ಪ ಕೆಲಸದಿಂದ ಬಂದ ಮೇಲಷ್ಟೇ ಫೋನು ಸಿಗುವ ಮಕ್ಕಳಿದ್ದಾರೆ, ಆದ್ದರಿಂದ "ನಾಳೆ ಬೆಳಗ್ಗೆಯೊಳಗೆ" ಅನ್ನಬೇಡಿ, ಎರಡು ದಿನ ಕೊಡಿ. ಫೋನೇ ಇಲ್ಲದವರಿಗಾಗಿ ಅದೇ ಪ್ರಶ್ನೆಯನ್ನು ಮರುದಿನ ಬೋರ್ಡಿನ ಮೂಲೆಯಲ್ಲಿ ಬರೆಯಿರಿ.

ಅಂಕಪಟ್ಟಿಯನ್ನು ಗ್ರೂಪಿಗೆ ಹಾಕಬೇಡಿ. ವಾಟ್ಸ್ಆ್ಯಪ್‌ನ ಪೋಲ್‌ನಲ್ಲೂ ಯಾರು ಯಾವುದಕ್ಕೆ ಒತ್ತಿದರು ಅಂತ ಹೆಸರು ಸಮೇತ ಕಾಣಬಹುದು, ಹಾಗಾಗಿ ಅದು ಪ್ರವಾಸದ ದಿನ ಗೊತ್ತುಮಾಡಲು ಸರಿ, ಪರೀಕ್ಷೆಗಲ್ಲ. ಇನ್ನು ಮಕ್ಕಳ ಮುಖ ಕಾಣುವ ಫೋಟೊ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ ಆ ಕಾನೂನು. ಶಾಲೆಯ ಫೇಸ್‌ಬುಕ್ ಪುಟಕ್ಕೆ ಮಗುವಿನ ಮುಖದ ಬದಲು ಮಗು ಮಾಡಿದ ಮಾದರಿಯ ಫೋಟೊ ಹಾಕಿ.

ಫಾರ್ವರ್ಡ್ ಮೆಸೇಜನ್ನೇ ಪಾಠ ಮಾಡಿ

ಸೋಷಿಯಲ್ ಮೀಡಿಯಾದ ನಿಜವಾದ ಉಪಯೋಗ ಇಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ. ದೀಪಾವಳಿ ಬಂತು ಅಂದರೆ ಒಂದು ಚಿತ್ರ ಓಡಾಡುತ್ತದೆ: ಭಾರತದ ಭೂಪಟ ಬಣ್ಣಬಣ್ಣವಾಗಿ ಮಿನುಗುತ್ತಿರುತ್ತದೆ, 'ದೀಪಾವಳಿ ರಾತ್ರಿ ನಾಸಾ ತೆಗೆದ ಚಿತ್ರ' ಅಂತ ಅಡಿಬರಹ. ಮೊದಲು ಅಡಿಬರಹ ಮುಚ್ಚಿ ಚಿತ್ರ ತೋರಿಸಿ. ಏನು ಕಾಣುತ್ತದೆ, ನೀಲಿ ಎಲ್ಲಿದೆ, ಕೆಂಪು ಎಲ್ಲಿದೆ? ಹಣತೆಯ ಬೆಳಕು ಹಸಿರಾಗಿ ಯಾಕೆ ಕಾಣುತ್ತದೆ? ಈ ಪ್ರಶ್ನೆ ಮಕ್ಕಳಿಂದಲೇ ಬಂದರೆ ಇನ್ನೂ ಒಳ್ಳೆಯದು.

ಆಮೇಲೆ ಗೂಗಲ್ ಲೆನ್ಸ್‌ನಲ್ಲಿ ಆ ಚಿತ್ರ ಹಾಕಿ, ಬೇರೆ ಎಲ್ಲೆಲ್ಲಿ ಬಂದಿದೆ ಅಂತ ಕ್ಲಾಸಿನ ಎದುರೇ ಹುಡುಕಿ. ನಿಜ ಸಂಗತಿ ಏನಂದರೆ, ಅದು ಒಂದು ರಾತ್ರಿಯ ಚಿತ್ರವೇ ಅಲ್ಲ. ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆಯ ವಿಜ್ಞಾನಿಯೊಬ್ಬರು ಹಲವು ವರ್ಷಗಳ ಉಪಗ್ರಹ ಮಾಹಿತಿ ಸೇರಿಸಿ ಮಾಡಿದ್ದು. ಬಿಳಿ ಅಂದರೆ 1992ಕ್ಕೂ ಮೊದಲೇ ಇದ್ದ ದೀಪಗಳು, ನೀಲಿ 1992ರಲ್ಲಿ, ಹಸಿರು 1998ರಲ್ಲಿ, ಕೆಂಪು 2003ರಲ್ಲಿ ಕಾಣಿಸಿಕೊಂಡವು. ಊರುಗಳು ಬೆಳೆದದ್ದನ್ನು ತೋರಿಸುವ ನಕ್ಷೆ ಅದು. 2012ರ ದೀಪಾವಳಿ ಸಮಯದ ಅಸಲಿ ಉಪಗ್ರಹ ಚಿತ್ರವನ್ನು ನಾಸಾ ಪ್ರಕಟಿಸಿದೆ, ಹಬ್ಬದ ಹೆಚ್ಚುವರಿ ಬೆಳಕು ಆಕಾಶದಿಂದ ಗುರುತಿಸಲಾಗದಷ್ಟು ಕಡಿಮೆ ಅಂತಲೂ ಹೇಳಿದೆ. ಎರಡನ್ನೂ ಅಕ್ಕಪಕ್ಕ ಇಡಿ. ಈ ಒಂದು ಪೀರಿಯಡ್ಡಿನಲ್ಲಿ ವಿಜ್ಞಾನ, ಸಮಾಜ ಎರಡೂ ಆಗುತ್ತವೆ.

ಕನ್ನಡ ಮೇಷ್ಟ್ರಿಗೂ ಕೆಲಸ ಇದೆ. 2003ರಿಂದ ಇರುವ ಕನ್ನಡ ವಿಕಿಪೀಡಿಯದಲ್ಲಿ ನಿಮ್ಮ ಊರಿನ ಪುಟ ಇದೆಯಾ ನೋಡಿ. ಇದ್ದರೆ ಬಹುಶಃ ನಾಲ್ಕು ಸಾಲು ಇರುತ್ತದೆ. ಮಕ್ಕಳ ಕೈಯಲ್ಲಿ ಮೊದಲು ಕಾಗದದ ಮೇಲೆ ಬರೆಸಿ, ಪ್ರತಿ ಸಾಲಿಗೂ "ಇದು ಎಲ್ಲಿ ಅಚ್ಚಾಗಿದೆ?" ಅಂತ ಕೇಳಿ. ಪುಸ್ತಕವೋ ಪತ್ರಿಕೆಯೋ ಆಧಾರ ಸಿಕ್ಕ ಸಾಲನ್ನಷ್ಟೇ ಸೇರಿಸಿ. ಉಳಿದದ್ದು ಶಾಲೆಯ ಗೋಡೆಪತ್ರಿಕೆಗೆ ಚೆನ್ನಾಗಿಯೇ ಇರುತ್ತದೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಆ ವರ್ಷದ ಗ್ರೂಪ್ ಮುಚ್ಚಿಬಿಡಿ. ಚೆನ್ನಾಗಿ ಓಡಿದ ಪ್ರಶ್ನೆ, ವಾಯ್ಸ್ ಮೆಸೇಜುಗಳನ್ನು ಒಂದು ಫೋಲ್ಡರಿಗೆ ಹಾಕಿಟ್ಟು, ಮಕ್ಕಳ ಹೆಸರಿರುವ ಫಾರ್ಮು, ಪಟ್ಟಿಗಳನ್ನು ಫೋನಿನಿಂದ ಅಳಿಸಿ. ಜೂನ್‌ನಲ್ಲಿ ಬರುವ ಮಕ್ಕಳಿಗೆ ಹೊಸ ಗ್ರೂಪ್ ಮಾಡಿದರಾಯಿತು.